ಅಭ್ಯಾಸದ ಮಕ್ಕಳು

ಡಕೋಟಾದ ಬಯಲು. ರೈಲು ನೀರು ಕುಡಿಯಲು ನಿಲ್ಲುತ್ತಿದ್ದ ಜಾಗ ನಮ್ಮೂರು.
ಮೊದಲು ಗೋಧಿಯ ಗೋದಾಮು, ಆಮೇಲೆ ಚರ್ಚು
(ಎರಡು; ನಾರ್ವೆಯವರಿಗೊಂದು, ಜರ್ಮನರಿಗೊಂದು),
ಆಮೇಲೆ ಈ ಕಟ್ಟಡ.
ಬಾಗಿಲ ಮೇಲಿನ ಕಲ್ಲಿನಲ್ಲಿ ಅಜ್ಜ ಹಾಲ್ವರ್ ಕೆತ್ತಿದ:
ಸ್ಟೇಟ್ ನಾರ್ಮಲ್ ಸ್ಕೂಲ್.
ಇಂಗ್ಲಿಷು ಓದಲು ಬಾರದವನು.
ಕಾಗದದ ಗೆರೆಗಳನ್ನು ಕಲ್ಲಿಗೆ ದಾಟಿಸಿದ, ಅಷ್ಟೆ.
ಒಂದು ಅಕ್ಷರ ತುಸು ವಾಲಿದೆ,
ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ.

ನಾರ್ಮಲ್ ಅಂದರೇನು, ಕೇಳಿದ್ದೆ ಅಪ್ಪನನ್ನು.
ಮಾದರಿ, ಅಂದ. ಹೀಗಿರಬೇಕು ಅಂತ.
ಮಾದರಿ ಟೀಚರುಗಳು ತಯಾರಾಗುವ ಆ ಮನೆಯ ನೆಲಮಾಳಿಗೆಯಲ್ಲಿ
ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದ ಅವನು.

ಅವನ ತಲೆಯ ಮೇಲೆ, ಒಂದನೇ ಮಹಡಿಯಲ್ಲಿ,
ಅಭ್ಯಾಸ ಶಾಲೆ; ಅಲ್ಲಿ ನಾನು.
ಅಭ್ಯಾಸ ನಮ್ಮದಲ್ಲ, ಅವರದು.
ಕ್ಷೌರ ಕಲಿಯುವವನಿಗೆ ಯಾರದಾದರೂ ತಲೆ ಬೇಕಲ್ಲ,
ಆ ತಲೆ ನಾವು.
ಆರು ವಾರಕ್ಕೊಬ್ಬಳು ಹೊಸ ಅಕ್ಕ,
ಹೊಲಗಳಿಂದ ಬಂದವಳು, ಹದಿನೆಂಟೋ ಹತ್ತೊಂಬತ್ತೋ,
ಸೋದರತ್ತೆಯ ಕೋಟು, ಮೊಣಕೈಗೆ ಸೀಮೆಸುಣ್ಣ.
ಹಿಂದಿನ ಬೆಂಚಿನಲ್ಲಿ ಮಿಸ್ ಬ್ರಾಂಡ್‌ವೋಲ್ಡ್
ಪೆನ್ಸಿಲು ಹಿಡಿದು ತಪ್ಪು ಎಣಿಸುತ್ತ ಕೂತಿರುತ್ತಿದ್ದಳು.
ಭಾಗಾಕಾರದ ನಡುವೆ ಅಕ್ಕ ತಡವರಿಸಿದರೆ
ನಾವು ತುಟಿಯಲ್ಲೇ ಶೇಷ ಹೇಳಿಕೊಡುತ್ತಿದ್ದೆವು.
ಅವಳು ಪಾಸಾಗಬೇಕಿತ್ತು;
ಮನೆಯಲ್ಲಿ ಅವಳ ಕೆಳಗೆ ಐವರಿದ್ದರು.
ಭಾಗಾಕಾರವನ್ನು ನಾನು ನಾಲ್ಕು ಸಲ ಕಲಿತೆ, ನಾಲ್ವರಿಂದ.
ನಾಲ್ಕೂ ಸಲ
ಈಗಷ್ಟೇ ತಿಳಿಯಿತೆಂಬಂತೆ ಕಣ್ಣರಳಿಸಿದೆ.

ಸಿಗ್ನೆ ಔಸ್ಟಾಡ್ ಎಂಬವಳು ಮೊದಲ ಪಾಠ ಕೆಟ್ಟ ದಿನ
ಬಾಯ್ಲರ್ ಕೋಣೆಗೆ ಇಳಿದು ಅತ್ತಳಂತೆ.
ಅಪ್ಪ ತನ್ನ ಕಾಫಿ ಕೊಟ್ಟ. ಏನೂ ಹೇಳಲಿಲ್ಲ.
ಹೇಳಲು ಅವನಿಗೆ ಆ ಭಾಷೆ ಅಷ್ಟು ಬರುತ್ತಿರಲಿಲ್ಲ.

ಹುಲ್ಲುಹಾಸಿನ ಮರದ ಬೋರ್ಡಿಗೆ ಬಣ್ಣ ಬಳಿಯುವವನೂ ಅವನೇ.
ಒಂದು ಬೇಸಿಗೆ: ಟೀಚರ್ಸ್ ಕಾಲೇಜ್.
ಯುದ್ಧ ಮುಗಿದು, ಸರ್ಕಾರಿ ಹಣ ಹಿಡಿದು ಹುಡುಗರು ಬಂದರು,
ಇಂಜಿನಿಯರಾಗಬೇಕು, ಲೆಕ್ಕಿಗರಾಗಬೇಕು.
ಮೇಷ್ಟರಾಗುತ್ತೇನೆ ಎನ್ನಲು ಅವರಿಗೆ ಸಂಕೋಚ.
ಅಪ್ಪ ಏಣಿ ಹತ್ತಿ, ತಗಡಿನ ಚೂರಿನಿಂದ,
ಟೀಚರ್ಸ್ ಎಂಬುದನ್ನು ಕೆರೆದ.
ಇಡೀ ಮಧ್ಯಾಹ್ನ ಹಿಡಿಯಿತು. ಹಳೆಯ ಬಣ್ಣ ಗಟ್ಟಿ.

ಅರವತ್ತನಾಲ್ಕರಲ್ಲಿ ಯೂನಿವರ್ಸಿಟಿ.
ಬ್ಯಾಂಡು, ಗವರ್ನರು, ಬಿಸಿಲಿಗೆ ಬೆವರಿದ ಕಪ್ಪು ಗೌನುಗಳು.
ಹಿತ್ತಾಳೆಯ ಅಕ್ಷರಗಳು ಮಿನಿಯಾಪೊಲಿಸ್‌ನಿಂದ ಪೆಟ್ಟಿಗೆಯಲ್ಲಿ ಬಂದವು;
ಏಣಿ ಬೇಕಾಯಿತು, ಅಪ್ಪ ಬೇಕಾಗಲಿಲ್ಲ.
ನಾನಾಗ ರಿಜಿಸ್ಟ್ರಾರ್ ಕಚೇರಿಯಲ್ಲಿ ಪದವಿಪತ್ರ ಟೈಪು ಮಾಡುತ್ತಿದ್ದೆ.
ಸಿಗ್ನೆ ಬಂದಳು, ನಲವತ್ತು ಮೈಲಿ ತಾನೇ ಕಾರು ಓಡಿಸಿಕೊಂಡು.
ಕೈಚೀಲದಿಂದ ಎರಡು ವರ್ಷದ ಆ ಸರ್ಟಿಫಿಕೇಟು ತೆಗೆದು ಕೇಳಿದಳು:
ಇದೂ ಈಗ ಯೂನಿವರ್ಸಿಟಿಯದೇ?
ನಿಯಮ ನೋಡಿದೆ. ಅಲ್ಲ, ಅಂದೆ.
ನಕ್ಕಳು. ಹಾಗಾದರೆ
ನಾನು ಓದು ಕಲಿಸಿದ ಮುನ್ನೂರು ಮಕ್ಕಳಿಗೆ ತಿಳಿಸಬೇಡ,
ಮರೆತುಬಿಟ್ಟಾರು.

ಮರುವರ್ಷವೇ ಅಭ್ಯಾಸ ಶಾಲೆ ಮುಚ್ಚಿತು. ಜಾಗ ಸಾಲದು ಎಂದರು.
ಪುಟ್ಟ ಕುರ್ಚಿಗಳು ಹರಾಜಾದವು, ಒಂದಕ್ಕೆ ಕಾಲು ಡಾಲರು.
ನಾನೊಂದು ಕೊಂಡೆ, ಕೂರಲಾಗದೆಂದು ಗೊತ್ತಿದ್ದೂ.
ನಮ್ಮ ತರಗತಿ ಈಗ ರಸಾಯನ ಪ್ರಯೋಗಾಲಯ.
ಕೈತೊಳೆಯುವ ಬೋಗುಣಿಗಳನ್ನು ಮಾತ್ರ ಯಾರೂ ಕೀಳಲಿಲ್ಲ,
ಕೊಳಾಯಿ ಬದಲಿಸಲು ದುಡ್ಡಿರಲಿಲ್ಲವೋ ಏನೋ.
ಆರು ವರ್ಷದವರ ಎತ್ತರಕ್ಕೆ
ಅಲ್ಲೇ ಇವೆ, ಸಾಲಾಗಿ ಏಳು.
ಡಾಕ್ಟರೇಟು ಪಡೆದ ಎತ್ತರದ ಗಂಡಸರು
ಸಂಜೆ ಕೆಲಸ ಮುಗಿಸಿ,
ಟೈ ಒದ್ದೆಯಾಗದಂತೆ ಎದೆಗೆ ಒತ್ತಿಕೊಂಡು,
ಸೊಂಟ ಬಗ್ಗಿಸಿ
ಅಲ್ಲಿ ಕೈ ತೊಳೆಯುತ್ತಾರೆ.