ಅಕ್ಷರಕ್ಕೆ ಹದಿನಾಲ್ಕು ರೂಪಾಯಿ

ಹೊಳೆಹೊನ್ನೂರು ರಸ್ತೆಯ ತಿರುವಿನಲ್ಲಿ, ಪಂಕ್ಚರ್ ಅಂಗಡಿಯ ಪಕ್ಕ
ನನ್ನ ತಗಡಿನ ಮಾಡು.
ಶಂಕುಸ್ಥಾಪನೆಯ ಕಲ್ಲು ಕೆತ್ತುತ್ತೇನೆ.
ಅಕ್ಷರಕ್ಕೆ ಹದಿನಾಲ್ಕು ರೂಪಾಯಿ,
ಒತ್ತಿಗೆ, ಸೊನ್ನೆಗೆ ಬೇರೆ ಕೇಳುವುದಿಲ್ಲ.

ಅಪ್ಪ ಅಕ್ಷರ ಬಾರದವನು.
ಲಿಂಗನಮಕ್ಕಿಯಲ್ಲಿ ಬಂಡೆ ಸೀಳುತ್ತಿದ್ದ.
ಎಡಗಣ್ಣಿಗೆ ಚೂರು ಸಿಡಿದ ಮೇಲೆ
ಉಳಿದ ಅರ್ಧ ಬೆಳಕಲ್ಲೇ ಕಟ್ಟೆ ಏಳುವುದನ್ನು ನೋಡಿದ,
ಮುಳುಗಿದ ಊರಿನವರ ಬೈಗುಳವನ್ನೂ ತಿಂದ.
ಅವನು ಒಡೆದ ಕಲ್ಲಿಂದ
ಏನೋ ಒಂದು ಎದ್ದಿತು.
ನಾನು ಕೆತ್ತಿದ ಕಲ್ಲಿಂದ
ಕಲ್ಲೇ ಎದ್ದಿತು.

ಇಪ್ಪತ್ತೇಳು ವರ್ಷದಲ್ಲಿ ನಾನು ಕಲಿತ ರಾಜಕೀಯ ಇಷ್ಟೇ:
ಮೊದಲೆಲ್ಲ ಕೆಲಸದ ಹೆಸರು ದಪ್ಪಕ್ಷರ,
ಬಂದವರ ಹೆಸರು ಬುಡದಲ್ಲಿ, ಇರುವೆ ಸಾಲು.
ಈಗ ಇರುವೆ ಸಾಲಾಗಿದೆ ಕೆಲಸ.
ಸನ್ಮಾನ್ಯ, ಗೌರವಾನ್ವಿತ, ಘನ ಉಪಸ್ಥಿತಿ.
ಬರೀ ಬಿರುದುಗಳಿಂದಲೇ
ಮಗಳ ಡಿಪ್ಲೊಮಾ ಫೀಸು ಕಟ್ಟಿದ್ದೇನೆ, ಸುಳ್ಳು ಯಾಕೆ.

ಕೆರೆಯ ದಂಡೆಗೆ ಕುಣಿಯುವ ಕಾರಂಜಿ, ಎರಡು ಕೋಟಿ ಎಂಬತ್ತು ಲಕ್ಷ.
ಕೆರೆಯಲ್ಲಿ ನೀರಿಲ್ಲ. ಟ್ಯಾಂಕರ್ ಬರುತ್ತದೆ, ಹಿಂದೆಯೇ ಹಾಡು ಬರುತ್ತದೆ.
ಬೈಪಾಸಿಗೆ ಸ್ವಾಗತ ಕಮಾನು, ಕಮಾನಿಗೆ ದೀಪ,
ದೀಪಕ್ಕೆ ಬೇರೆಯೇ ಉದ್ಘಾಟನೆ.
ನೂರಡಿ ಧ್ವಜಸ್ತಂಭ; ಅದರ ನೆರಳು
ಮಧ್ಯಾಹ್ನ ಮೂರಕ್ಕೆ ಸರ್ಕಾರಿ ಶಾಲೆಯ
ಹೆಂಚು ಹಾರಿದ ಕೋಣೆಯ ಮೇಲೆ ಬೀಳುತ್ತದೆ.
ಅಷ್ಟು ಹೊತ್ತು ಮಕ್ಕಳಿಗೆ
ಒಂದು ಗೆರೆಯಷ್ಟು ತಂಪು.

ಹಿತ್ತಲಲ್ಲಿ ವಾಪಸು ಬಂದ ಕಲ್ಲುಗಳ ರಾಶಿ.
ಖಾತೆ ಬದಲಾಯಿತು, ಪಕ್ಷ ಬದಲಾಯಿತು,
ಒಂದರಲ್ಲಿ ಶಾಸಕರ ಹೆಸರಿಗೆ ದೀರ್ಘ ಬಿಟ್ಟುಹೋಗಿತ್ತು.
ಒಂದರ ಮೇಲೆ ಹೆಂಡತಿ ಕಂಬಳಿ ಒಗೆಯುತ್ತಾಳೆ:
ಮೂವತ್ತು ಹಾಸಿಗೆಯ ಹೆರಿಗೆ ಆಸ್ಪತ್ರೆ.
ಸೋಪಿನ ನೊರೆ ಅಕ್ಷರದ ಗುಳಿಗಳಲ್ಲಿ
ಬಹಳ ಹೊತ್ತು ನಿಲ್ಲುತ್ತದೆ.

ಕಳೆದ ವಾರ ಹೊಸನಗರದ ಕಡೆಯಿಂದ ಇಬ್ಬರು ಬಂದರು,
ಆಶಾ ಕಾರ್ಯಕರ್ತೆ ಕೆರಿಯಮ್ಮ, ವೆಲ್ಡಿಂಗ್ ಫ್ರಾನ್ಸಿಸ್.
ಹಳ್ಳಕ್ಕೆ ಸಂಕ ಹಾಕಿದ್ದಾರಂತೆ, ತಾವೇ,
ಹಳೇ ಲಾರಿಯ ಚಾಸಿ, ಮೂರು ಭಾನುವಾರ.
ಹನ್ನೊಂದು ಅರ್ಜಿಗಳ ಸ್ವೀಕೃತಿ ಚೀಟಿ ಅವಳ ಚೀಲದಲ್ಲಿ,
ಉಣ್ಣೆ ಹತ್ತದ ಹಾಗೆ ಮೈಗೆ ಹಚ್ಚುವ ಎಣ್ಣೆಯ ಬಾಟಲಿ ಸೋರಿ
ಎಲ್ಲ ಚೀಟಿಯೂ ಪಾರದರ್ಶಕ.
"ಎಷ್ಟು ಹೆಸರು?" ಕೇಳಿದೆ, ಅಭ್ಯಾಸಬಲ.
"ಹೆಸರು ಬ್ಯಾಡ. ಹಿಂಗೆ ಬರೀರಿ:
ಒಮ್ಮೆಗೆ ಇಬ್ಬರೇ ದಾಟಿ.
ಬಸುರಿ ಬಂದರೆ ನಿಂತು ದಾರಿ ಬಿಡಿ."

ಎಣಿಸಿದೆ. ಇಪ್ಪತ್ತು ಅಕ್ಷರ. ಇನ್ನೂರ ಎಂಬತ್ತು.
ಹೊಸ ಕಲ್ಲು ಅವರ ಕೈಗೆ ಎಟುಕುವಂಥದಲ್ಲ.
ಒಗೆಯುವ ಕಲ್ಲನ್ನೇ ಮಗುಚಿದೆವು.
ಹೆಂಡತಿ ಗೊಣಗಿದಳು, ಆಮೇಲೆ ತಾನೇ ಒಂದು ಮೂಲೆ ಹಿಡಿದಳು.
ಬೆನ್ನು ನುಣುಪಿಲ್ಲ, ಉಳಿ ಎರಡು ಸಲ ಜಾರಿತು.
ಮೂವತ್ತು ಹಾಸಿಗೆ ಮಣ್ಣಿಗೆ ಮುಖ ಮಾಡಿ
ಟೆಂಪೊ ಹತ್ತಿ ಹೋದವು.

ಸಂಜೆ ಫೋನು: ಕಮಾನಿನ ದೀಪದ ಕಲ್ಲು ನಾಳೆ ಹತ್ತೂವರೆಗೆ ಬೇಕು.
ಹತ್ತೊಂಬತ್ತು ಹೆಸರು,
ಇನ್ನೊಂದು ಸೇರಬಹುದು, ಜಾಗ ಬಿಟ್ಟಿರು.

ಬಿಟ್ಟೆ.
ದೀಪ ಹಚ್ಚಿಕೊಂಡು ಆ ಖಾಲಿ ಜಾಗದ ಮುಂದೆ ಕೂತು
ಅಪ್ಪನ ಹೆಸರಿಗೆ ಎಷ್ಟು ಅಕ್ಷರ ಅಂತ
ಮೊದಲ ಸಲ ಎಣಿಸಿದೆ.