ಪುಂಡಿಯ ತೂಕ

ದಕ್ಕೆಯಲ್ಲಿ ನನ್ನ ಕೆಲಸ ತೂಕ ಬರೆಯುವುದು.
ಬೆಳಗಿನ ಜಾವ ಬೋಟು ಬಂದರೆ ಹತ್ತರೊಳಗೆ
ಬೂತಾಯಿ ಎಂಟು ಟನ್ನು, ಬಂಗುಡೆ ಐದು,
ಬುಟ್ಟಿಯದ್ದು ಕಳೆದು, ಐಸಿನ ನೀರು ಕಳೆದು,
ಹದಿನೆಂಟು ವರ್ಷ ಬರೆದಿದ್ದೇನೆ.
ಒಂದು ಕಿಲೋ ಆಚೆ ಈಚೆ ಆದರೆ
ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಫೆರಿ ದಾಟಿ ಬೆಂಗ್ರೆಗೆ ಬಂದರೆ
ಬೇರೆ ತಕ್ಕಡಿ.
ಪೇಟೆಯ ಶಿವರಾಯ ಆಚಾರ್ರು ಕೊಟ್ಟದ್ದು,
ಚಿನ್ನ ತೂಗಿ ತೂಗಿ ಹಳತಾದದ್ದು.
ಅದರ ಮೇಲೆ ಸುಗಂಧಿಯ ಸ್ಟೀಲಿನ ಬಟ್ಟಲು,
ಬಟ್ಟಲೊಳಗೆ ಮಗಳ ಹ್ಯಾಮ್‌ಸ್ಟರು:
ಬಿಳಿ, ಗುಂಡು, ಬಿಸಿ,
ಆಗಷ್ಟೇ ಅಟ್ಟದಿಂದ ಇಳಿಸಿದ ಹಾಗೆ.
ಹೆಸರು ಪುಂಡಿ.

ಬಂದ ಹೊಸತರಲ್ಲಿ ನಲವತ್ತು ಗ್ರಾಂ.
"ಐದು ಪವನು!" ಅಂದಿದ್ದರು ಆಚಾರ್ರು,
"ನೋಡಿಕೊಳ್ಳಿ, ಒಂದು ಕರಿಮಣಿ ಸರದಷ್ಟು ಉಂಟು."

ಆಮೇಲೆ ಅದರ ಉಸಿರಿನಲ್ಲಿ ಒಂದು ಸದ್ದು ಸೇರಿತು,
ಕೆಟ್ಟ ಗಡಿಯಾರದ್ದು.
ಮೂವತ್ತಾರು.
ಮೂವತ್ತೆರಡು.

ಬಂದರಿನ ಮೆಡಿಕಲ್ಲಿನಲ್ಲಿ ಕೇಳಿದೆ:
ಇಲಿಗೆ ಮದ್ದು ಉಂಟಾ?
ಹುಡುಗ ತಲೆ ಎತ್ತದೆ ಹೇಳಿದ,
ಇಲಿ ಮದ್ದು ಎದುರಿನ ಜೀನಸಿ ಅಂಗಡಿಯಲ್ಲಿ,
ಕೇಕಿನದ್ದು ಒಳ್ಳೆಯದು,
ತಿಂದರೆ ಹೊರಗೆ ಹೋಗಿ ಸಾಯುತ್ತದೆ.
ಅವನ ತಪ್ಪೇನಿಲ್ಲ.
ನಮ್ಮ ಭಾಷೆಯಲ್ಲಿ ಈ ಎರಡು ಶಬ್ದ
ಒಟ್ಟಿಗೆ ಕೂತದ್ದು ಕೊಲ್ಲಲಿಕ್ಕೆ ಮಾತ್ರ.

ಧಣಿಯ ಹತ್ತಿರ ಅರ್ಧ ದಿನ ರಜೆ ಕೇಳಿದೆ.
ಯಾರಿಗೆ ಹುಷಾರಿಲ್ಲ?
ಸಂಬಂಧದಲ್ಲಿ ಒಬ್ಬರಿಗೆ, ಅಂದೆ.
ವಯಸ್ಸೆಷ್ಟು?
ಎರಡು ವರ್ಷ, ಅಂದುಬಿಟ್ಟೆ.
ಅವರ ಮುಖ ಕಪ್ಪಾಯಿತು. ಐನೂರು ರೂಪಾಯಿ ಕೊಟ್ಟರು.
ಇನ್ನೂ ತಿರುಗಿಸಿ ಕೊಟ್ಟಿಲ್ಲ.

ಹಲ್ವದ ಡಬ್ಬಿಗೆ ತೂತು ಕೊರೆದು, ಎದೆಗೊತ್ತಿ
ಹೊಳೆ ದಾಟಿದೆವು, ಯಶಿಕಾ ಮತ್ತು ನಾನು.
ಪ್ರೆಸಿಲ್ಲಾ ಡಾಕ್ಟರರ ಗೋಡೆಯಲ್ಲಿ
ದನದ ಹೊಟ್ಟೆಯ ಪಟ, ನಾಯಿಯ ಹಲ್ಲಿನ ಪಟ.
ಅವರು ಮುಚ್ಚಿಡಲಿಲ್ಲ:
"ಇಷ್ಟು ಸಣ್ಣದ್ದು ನನಗೂ ಹೊಸತು.
ಅದಕ್ಕೆ ಎರಡು ವರ್ಷವೆಂದರೆ ಮುಪ್ಪು."
ಇನ್ಸುಲಿನ್ ಸಿರಿಂಜಿನಲ್ಲಿ, ಸೂಜಿ ತೆಗೆದು,
ದಿನಕ್ಕೆ ಎರಡು ಸಲ ಒಂದೇ ಹನಿ.
ಅರ್ಧ ಟನ್ನಿನ ಬಲೆ ಎಳೆದ ಈ ಕೈ
ಒಂದು ಹನಿ ಎತ್ತುವಾಗ ನಡುಗಿತು.

ಇಪ್ಪತ್ತೆಂಟು.
ಸುಗಂಧಿ ಬಟ್ಟಲು ವಾಪಸು ಕೇಳಲಿಲ್ಲ.

ಆ ರಾತ್ರಿ ಚಕ್ರ ತಿರುಗಲಿಲ್ಲ.
ಎಷ್ಟು ಬೈದಿದ್ದೆ ಅದಕ್ಕೆ,
ಮೂರಕ್ಕೆ ಏಳುವವನ ನಿದ್ದೆ ತಿಂದ ಕಿರ್‌ಕಿರ್‌ಗೆ!
ಎಣ್ಣೆ ಹಾಕುತ್ತೇನೆ ಹಾಕುತ್ತೇನೆ ಅಂತ
ಹಾಕಲೇ ಇಲ್ಲ.
ಮನೆಯಿಂದ ನೂರು ಹೆಜ್ಜೆಗೆ ಕಡಲು.
ಹುಟ್ಟಿದಂದಿನಿಂದ ಕೇಳಿದ್ದೇನೆ,
ಇಷ್ಟು ದೊಡ್ಡದಾಗಿ ಕೇಳಿದ್ದಿಲ್ಲ.

ಹೊಯ್ಗೆಯಲ್ಲಿ ಬೇಡ, ಏಡಿ ಅಗೆಯುತ್ತದೆ,
ಅಂದಳು ಯಶಿಕಾ.
ಆಚೆ ದಡದಿಂದ ಕೆಂಪು ಮಣ್ಣು ಹೊತ್ತು ತಂದೆ,
ಎಷ್ಟೆಂದು ನೋಡಲಿಲ್ಲ.
ಒಡೆದ ಬಕೆಟ್ಟು, ಮಣ್ಣು, ನಡುವೆ ಪುಂಡಿ,
ಮೇಲೊಂದು ಅಬ್ಬಲಿಗೆ ಗಿಡ.
"ಬೊಜ್ಜ ಯಾವಾಗ?" ಕೇಳಿದಳು.
ನಗಬೇಕಾ ಅಂತ ಸುಗಂಧಿ ನನ್ನ ಮುಖ ನೋಡಿದಳು.
ನಾನು ಬೆರಳು ಮಡಚಿ ದಿನ ಎಣಿಸುತ್ತಿದ್ದೆ.

ಮರುದಿನ ದಕ್ಕೆಯಲ್ಲಿ ಬಂಗುಡೆ ಬುಟ್ಟಿ ಏರಿತು.
ಬರೆದೆ: ಮೂವತ್ತೊಂದು ಕಿಲೋ, ಇಪ್ಪತ್ತೆಂಟು ಗ್ರಾಂ.
ವ್ಯಾಪಾರಿ ಇಣುಕಿ ನಕ್ಕ,
"ಇದೇನು ಮಾರಾಯ್ರೇ, ಚಿನ್ನವಾ?"
ಅಳಿಸಲು ರಬ್ಬರು ಹುಡುಕಿದೆ.
ಹಿಂದೆ ಇನ್ನೂ ನಲವತ್ತು ಬುಟ್ಟಿ ಕಾದಿತ್ತು.
ಹಾಗೇ ಬಿಟ್ಟೆ.