ಮೈನಸ್ ಒಂದು

ಗೋಕುಲ ರೋಡಿನ ಎರಡನೇ ಗೇಟಿನಿಂದ ಶುರು ಮಾಡತೇನಿ.
ಬೋಣಿಗಿ ಆಗೂತನಾ ಯಾರೂ ರೊಕ್ಕ ಕೊಡಂಗಿಲ್ಲ,
ಕೇಳಲೂಬಾರದು.
ಇಪ್ಪತ್ತೊಂದು ವರ್ಷ. ಮೂರು ಸ್ಕೂಟರ್ ಸವದಾವು.
ವೆಲ್ಡಿಂಗಿನಾವ ಐವತ್ತು, ಟಾಯರಿನಾವ ನೂರು,
ಚಾದಂಗಡಿ ಕಲ್ಲವ್ವ ಇಪ್ಪತ್ತು, ಅದೂ ಚಿಲ್ಲರ,
ಎಣಿಸೂವಾಗ ಕೈಗೆ ಸಕ್ಕರಿ ಅಂಟತೈತಿ.

ನಾ ಹೊಂಬಳಮಠ, ಪಿಗ್ಮಿಯಾಂವ.
ಓಣಿ ರೊಕ್ಕ ಸಂಜೀಕ ಬ್ಯಾಂಕಿಗೆ ಮುಟ್ಟಸೂದು ನನ್ನ ಕೆಲಸ.
ಅಲ್ಲಿಂದ ಮುಂದ ಎಲ್ಲಿಗೆ ಹೋಕ್ಕತಿ, ಯಾರೂ ಹೇಳಿಲ್ಲ.
ಮ್ಯಾಲೆ ಹೋಕ್ಕತಿ ಅಂತಾರ.
ಮ್ಯಾಲೆ ಅಂದ್ರ ಮುಂಬೈ ಇರಬೇಕು.

ಖಾಜೇಸಾಬ ಕಮಡೊಳ್ಳಿ: ಲೇಥ್ ಒಂದು, ಡ್ರಿಲ್ ಒಂದು, ಬಾಡಿಗಿ ಶೆಡ್ಡು.
ಶೆಡ್ಡಿನ ನೆಲದ ಮ್ಯಾಲೆ ಸೀಮೆಸುಣ್ಣದಿಂದ ತೆಗದಾನ
ಮೆಣಸಿನಕಾಯಿ ತೊಟ್ಟು ಬಿಡಿಸೂ ಮಷೀನಿನ ಚಿತ್ರ,
ಖರೇ ಅಳತಿ. ಮಂದಿ ದಾಟಿಕೊಂಡು ಅಡ್ಡಾಡತಾರ,
ರಂಗೋಲಿ ದಾಟಿದಂಗ.
ಒಂದು ಮಾಡಿ ಬ್ಯಾಡಗಿಗೆ ಒಯ್ದು ಓಡಿಸಿ ತೋರಿಸಿದ.
ದಲಾಲ್ರು ಕೆಮ್ಮಿಕೋತ ನಿಂತು ನೋಡಿದ್ರು.
ಹನ್ನೆರಡು ಬೇಕು ಅಂದ್ರು, ಸಂಕ್ರಾಂತಿ ಒಳಗ.

ಹನ್ನೆರಡಕ್ಕ ಒಂಬತ್ತು ಲಕ್ಷ.
"ನಮ್ಮ ಬ್ಯಾಂಕಿಗೇ ಬರ್ರಿ" ಅಂದೆ.
ನನ್ನ ಮಾತಿಗೆ ಅಲ್ಲಿ ಕಿಮ್ಮತ್ತೈತಿ ಅಂತ ಇನ್ನೂ ತಿಳಕೊಂಡಿದ್ದೆ.

ಹಿಂದ ಪ್ರಭು ಸಾಹೇಬ್ರು ಇದ್ದಾಗ ಬ್ಯಾರೆ.
ಸಾಲ ಕೇಳಿದಾವನ ಬಿಟ್ಟು
ಬಾಜೂ ಅಂಗಡಿಯಾವನ ಕೂಡ ಚಾ ಕುಡೀತಿದ್ರು.
ಕಪ್ಪು ಖಾಲಿ ಆಗೂದ್ರಾಗ ಗೊತ್ತಾಗತಿತ್ತು, ಸಾಲ ಐತೋ ಇಲ್ಲೋ.
ಅವರೂ ತಪ್ಪತಿದ್ರು. ತಮ್ಮ ಕಡಿಯಾವ್ರಿಗೆ ಲಗೂನ ಸಹಿ;
ಕಲ್ಲವ್ವನ ಅರ್ಜಿ ಮೂರು ಸಲ ಕಳೀತು.
ಅದನ್ನೂ ಹೇಳಬೇಕು.

ಈಗ ಸಸ್ಮಿತಾ ಮೇಡಂ, ಕಟಕ್ ಊರಿನಾಕಿ.
ಮೂರು ವರ್ಷಕ್ಕ ಎತ್ತಂಗಡಿ, ಅಷ್ಟರಾಗ ಕನ್ನಡ ಕಲೀಬೇಕು.
"ಕುಂದ್ರಿ" ಅಂದ್ಲು, ಚೊಲೋ ಅಂದ್ಲು.
ಪ್ಯಾನ್ ನಂಬರ್ ಒತ್ತಿದ್ಲು. ಪರದೆ ಮ್ಯಾಲೆ ಬಂತು:
ಮೈನಸ್ ಒಂದು.
"ಸೊನ್ನಿ ಆದ್ರೂ ಅಲ್ಲೇನ್ರಿ?" ಅಂದ ಖಾಜೇಸಾಬ.
ಅಲ್ಲ. ಸಾಲಾನ ಮಾಡದಾವ ಸೊನ್ನಿಗಿಂತ ಒಂದು ಮೆಟ್ಟಲ ಕೆಳಗ.
ಮುಳುಗಿಸಿದಾವಗ ಒಂದು ನಂಬರರ ಇರತೈತಿ.

"ದಿನಾ ನೂರು ಕಟ್ಟೀನಿ ಮೇಡಂ, ಇವರನ್ನ ಕೇಳ್ರಿ."
ಆಕಿ ನನ್ನ ನೋಡಿದ್ಲು. ಹೌದು ಅಂತ ತಲಿ ಹಾಕಿದೆ.
"ಅದು ನೀವು ಕೊಟ್ಟದ್ದು. ಇದು ಕೇಳೂದು ತಗೊಂಡದ್ದು.
ಮನಿ ಐತೇನು? ಪ್ಲಾಟು?
ನಿಮ್ಮ ಪಿಗ್ಮಿ ಮ್ಯಾಲೆ ಕೊಡಬಹುದು, ಮುಕ್ಕಾಲು ಪಾಲು."
"ನನ್ನ ಅಂಗಿ ನನಗ ಬಾಡಿಗಿಗೆ" ಅಂತ ಅಂವ ನಕ್ಕ.
ಜಾಮೀನಿಲ್ಲದ ಯೋಜನಾದ ಪೋಸ್ಟರ್ ಗ್ವಾಡಿ ಮ್ಯಾಲಿತ್ತು.
ಮೇಡಂ ಅದಕ್ಕೂ ಅರ್ಜಿ ಹಾಕಿದ್ಲು,
ಬೆಂಗಳೂರಿನ ಯಾವುದೋ ಮಹಡಿಗೆ ಕಳಿಸಿದ್ಲು.
ಹದಿನೇಳು ದಿನಕ್ಕ ಉತ್ತರ ಬಂತು.
ಕಾರಣ ಬರಿಯೂ ಜಾಗಾದಾಗ ಒಂದು ಗೀಟು.

ಮರುದಿನ ಹೋದ್ರ ಬಿಸ್ಕೀಟ್ ಡಬ್ಬಿ ತೆರದು ಕುಂತಿದ್ದ.
ನಾ ಕೊಟ್ಟ ಚೀಟಿ, ವರ್ಷಕ್ಕೊಂದು ರಬ್ಬರ್ ಬ್ಯಾಂಡು.
ಎಲ್ಲಾ ಬೆಳ್ಳಗ.
ನನ್ನ ಕೈ ಮಷೀನಿನ ಕಾಗದದ ಗುಣಾನ ಹಂಗ,
ಆರು ತಿಂಗಳಿಗೆ ಅಕ್ಷರ ಹಾರತಾವು.
ನನಗ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ.
ತಳದಾಗ ಹಳೇ ಕಾರ್ಡು, ನಾ ಸಹಿ ಮಾಡಿದ್ದು,
ಅವು ಇನ್ನೂ ಓದಾಕ ಬರತಿದ್ದವು.

ಬ್ಯಾಡಗಿಯಾವ್ರು ಮೂರಕ್ಕ ಮುಂಗಡ ಕೊಟ್ರು, ಮೂರ ಮಾಡಿದ.
ಉಳಿದ ಒಂಬತ್ತು ಗುಂಟೂರಿನ ಕಂಪನಿಯಿಂದ ಬಂದವು.
ಆ ಕಂಪನಿಗೆ ಬ್ಯಾಂಕಿನ ಸಾಲ ಐತಂತ.
ಯಾವ ಬ್ಯಾಂಕು ಅಂತ ನಾ ಕೇಳಲಿಲ್ಲ.

ಮೊನ್ನೆ ಮನಿಗೆ ಮಿಕ್ಸರ್ ತಂದಾನ, ಹನ್ನೆರಡು ಕಂತು.
ರೊಕ್ಕ ಕಿಸೇದಾಗ ಇತ್ತು.
"ನಂಬರ್ ಹುಟ್ಟಬೇಕಲ್ರಿ" ಅಂದ.
"ಇವತ್ತ ಐವತ್ತ ಹಾಕ್ರಿ, ಕಂತೈತಿ."
ಚೀಟಿ ಹರದೆ, ತಿರುವಿ ಹಾಕಿದೆ,
ಹಿಂದ ಬಾಲ್ ಪೆನ್ನಿನಿಂದ ಒತ್ತಿ ಬರದೆ:
ಐವತ್ತು. ತಾರೀಖು. ನನ್ನ ಹೆಸರು.